ಬ್ಲಡ್ ಯೂರಿಯಾ 54 ಇದ್ದದ್ದು ಮೂರೇ ದಿನಕ್ಕೆ 25 ಆಯ್ತು, ಯಾವ ಲ್ಯಾಬ್ ನಂಬೋದು?

ಕಬ್ಬಿನಗದ್ದೆ:
ನಮಸ್ಕಾರ. ನಮ್ಮೂರು ಮಂಡ್ಯ ಹತ್ರ. ಅಪ್ಪನಿಗೆ 61, ಆಲೆಮನೆ ಕೆಲಸ. ಹೋದ ವಾರ ಸುಸ್ತು ಅಂತ ಮಲಗಿಬಿಟ್ರು. ಮಂಡ್ಯದ ಲ್ಯಾಬಲ್ಲಿ ರಕ್ತ ಕೊಟ್ವಿ. ‘ಬ್ಲಡ್ ಯೂರಿಯಾ 54’ ಅಂತ ಬಂತು, ನಾರ್ಮಲ್ 15-40 ಅಂತೆ. ಕಿಡ್ನಿಯ ಇನ್ನೊಂದು ಟೆಸ್ಟ್ ಕ್ರಿಯಾಟಿನಿನ್ 1.1. ಅಮ್ಮ ಅವತ್ತೇ ಬಾಳೆದಿಂಡಿನ ರಸ ಶುರು ಮಾಡಿದ್ಲು. ಮೂರು ದಿನ ಬಿಟ್ಟು ಮೈಸೂರಲ್ಲಿ ಅಕ್ಕನ ಮನೆ ಹತ್ರ ಮಾಡಿಸಿದ್ರೆ ‘ಬಿಯುಎನ್ 25’, ಕ್ರಿಯಾಟಿನಿನ್ ಅದೇ 1.1. ಅರ್ಧಕ್ಕರ್ಧ ಇಳೀತು ಅಂತ ಮನೇಲೆಲ್ಲ ಖುಷಿ. ಆದ್ರೆ ಈ 25ರ ಪಕ್ಕಾನೂ ಸ್ಟಾರ್ ಗುರುತು ಹಾಕಿದಾರೆ, ನಾರ್ಮಲ್ 7-20 ಅಂತೆ! ತಲೆ ಕೆಟ್ಟೋಗಿದೆ.

ಹಳೇಸೈಕಲ್:
ಮೊದಲ್ನೇ ಲ್ಯಾಬಿನ ಮಷೀನ್ ಕೆಟ್ಟಿರುತ್ತೆ ಗುರು. ದಿಂಡಿನ ರಸ ಬಿಡ್ಬೇಡಿ.

ಲ್ಯಾಬ್‌ಕೋಟು:
ಎರಡು ಲ್ಯಾಬೂ ಸರಿ ಇವೆ. ಏನೂ ಇಳಿದಿಲ್ಲ.

ಕಬ್ಬು ಬೆಳೆಯೋರಲ್ವಾ, ಮನೇಲಿ ಯೂರಿಯಾ ಮೂಟೆ ಇದ್ರೆ ತಿರುಗಿಸಿ ನೋಡಿ. ಸಾರಜನಕ 46% ಅಂತ ಅಚ್ಚು ಹಾಕಿರ್ತಾರೆ. 45 ಕೆಜಿ ಮೂಟೇಲಿ ಸಾರಜನಕ 20 ಕೆಜಿ ಚಿಲ್ಲರೆ, ಉಳಿದದ್ದು ಬೇರೆ. ರಕ್ತದಲ್ಲಿರೋದೂ ಅದೇ ಯೂರಿಯಾನೇ. ಮಂಡ್ಯದವರು ಇಡೀ ಮೂಟೆ ತೂಗಿದ್ರು, ಮೈಸೂರಿನವರು ಒಳಗಿನ ಸಾರಜನಕ ಮಾತ್ರ ತೂಗಿದ್ರು (ಬಿಯುಎನ್ ಅಂದ್ರೆ ಬ್ಲಡ್ ಯೂರಿಯಾ ನೈಟ್ರೋಜನ್, ನೈಟ್ರೋಜನ್ ಅಂದ್ರೆ ಸಾರಜನಕ). 54ರಲ್ಲಿ ಹೆಚ್ಚೂಕಮ್ಮಿ 46% ಅಂದ್ರೆ 25. ವಾಪಸ್ ಬರ್ಬೇಕಾದ್ರೆ 25ನ್ನ 2.14ರಿಂದ ಗುಣಿಸಿ.

ಈಗ 25ನ್ನ ಕ್ರಿಯಾಟಿನಿನ್ 1.1ರಿಂದ ಭಾಗಿಸಿ: ಸುಮಾರು 23. ಸಾಮಾನ್ಯವಾಗಿ ಇದು 10ರಿಂದ 20ರೊಳಗೆ ಇರುತ್ತೆ. (ಇಲ್ಲಿ 54 ಹಾಕ್ಬೇಡಿ, 49 ಬಂದು ಎದೆ ಒಡೆಯುತ್ತೆ. ದಿನಾ ಒಬ್ರಾದ್ರೂ ಹಿಂಗೆ ಹೆದ್ರಿಕೊಂಡು ಕೌಂಟರಿಗೆ ಬರ್ತಾರೆ.) ಮೈಯಲ್ಲಿ ನೀರು ಕಮ್ಮಿಯಾದಾಗ ಕಿಡ್ನಿ ನೀರನ್ನ ವಾಪಸ್ ಎಳ್ಕೊಳುತ್ತೆ, ಯೂರಿಯಾನೂ ಅದರ ಜೊತೆ ವಾಪಸ್ ಬರುತ್ತೆ. ಕ್ರಿಯಾಟಿನಿನ್ ಹಂಗೆ ಬರಲ್ಲ. ಅದಕ್ಕೇ ಒಂದು ಏರಿ ಇನ್ನೊಂದು ಅಲ್ಲೇ ನಿಂತಿರೋದು.

ಅಪ್ಪ ದಿನಕ್ಕೆ ಎಷ್ಟು ನೀರು ಕುಡೀತಾರೆ? ನೋವಿನ ಮಾತ್ರೆ ಏನಾದ್ರೂ? ಮಲ ಟಾರಿನ ಥರ ಕಪ್ಪಗೆ ಹೋಗ್ತಿದೆಯಾ, ನಾಚ್ಕೊಳ್ದೆ ಕೇಳಿ. ಹೊಟ್ಟೇಲಿ ರಕ್ತ ಸೋರಿದ್ರೆ ಆ ರಕ್ತದ ಪ್ರೋಟೀನೂ ಜೀರ್ಣ ಆಗಿ ಯೂರಿಯಾ ಏರುತ್ತೆ.

ಕಬ್ಬಿನಗದ್ದೆ:
ಅಯ್ಯೋ, ಮೂಟೆ ಲೆಕ್ಕ ಯಾರೂ ಹೇಳೇ ಇರ್ಲಿಲ್ಲ ಅಣ್ಣ.
ಬೆಳಗಿಂದ ಕೊಪ್ಪರಿಗೆ ಮುಂದೇನೇ ಇರ್ತಾರೆ. ಪಾಕ ಬರೋ ಹೊತ್ತಲ್ಲಿ ಅಲ್ಲಾಡಂಗಿಲ್ಲ. ನಿನ್ನೆ ನೋಡ್ದೆ, ಬೆಳಿಗ್ಗೆ ಇಟ್ಟ ತಂಬಿಗೆ ನೀರು ಮಧ್ಯಾಹ್ನ ಮುದ್ದೆ ಹೊತ್ತಿಗೂ ಹಂಗೇ ಇತ್ತು, ಮೇಲೆ ಬೂದಿ ತೇಲ್ತಿತ್ತು. ಮಲ ಕಪ್ಪಗಿಲ್ವಂತೆ. ಮಂಡಿನೋವಿಗೆ ಮೆಡಿಕಲ್ ಸ್ಟೋರಿಂದ ಡೈಕ್ಲೋಫೆನಾಕ್ ತರಿಸ್ಕೊಂಡು ದಿನಕ್ಕೆ ಎರಡು ನುಂಗ್ತಾರೆ, ಎರಡು ತಿಂಗಳಿಂದ.

ಲ್ಯಾಬ್‌ಕೋಟು:
ಆ ಕೊನೇ ಸಾಲೇ ಮುಖ್ಯ. ನೀರು ಕಮ್ಮಿ ಇರೋ ಮೈಗೆ ಈ ಮಾತ್ರೆ ಬಿದ್ರೆ ಕಿಡ್ನಿಗೆ ಹೋಗೋ ರಕ್ತ ಇನ್ನೂ ಕಮ್ಮಿಯಾಗುತ್ತೆ, ಹೊಟ್ಟೇಲಿ ಹುಣ್ಣೂ ಆಗ್ಬಹುದು. ನಾಳೆನೇ ಡಾಕ್ಟರ್ ಹತ್ರ ಹೋಗಿ, ಮಾತ್ರೆ ಪಟ್ಟೀನೂ ಒಯ್ದು ತೋರ್ಸಿ. ಮೂತ್ರದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಸೋರ್ತಿದೆಯಾ ಅಂತ ನೋಡೋ ಟೆಸ್ಟ್ ಬೇಕಾ ಕೇಳಿ. ಶುಗರ್, ಬಿಪಿ ನೋಡಿಸಿ. ಸಣಕಲು ಮೈಯವರಿಗೆ ಕ್ರಿಯಾಟಿನಿನ್ 1.1 ಇದ್ರೂ ಕಿಡ್ನಿ ಪೂರ್ತಿ ಚೆನ್ನಾಗಿದೆ ಅನ್ನಕ್ಕಾಗಲ್ಲ, ಅದು ಸ್ನಾಯುವಿಂದ ಬರೋದು. ಹಂಗಂತ ಒಂದು ರಿಪೋರ್ಟ್ ಹಿಡ್ಕೊಂಡು ಕಿಡ್ನಿ ಹೋಯ್ತು ಅಂತಾನೂ ಅಲ್ಲ. ದೀರ್ಘಕಾಲದ ಕಿಡ್ನಿ ಕಾಯಿಲೆ ಅನ್ಬೇಕಾದ್ರೆ ತೊಂದರೆ ಮೂರು ತಿಂಗಳಾದ್ರೂ ಇರ್ಬೇಕು.

ಹಳೇಸೈಕಲ್ ಸಾರ್, ಕಿಡ್ನಿ ನಿಜಕ್ಕೂ ಕೆಟ್ಟಿದ್ರೆ ದಿಂಡಿನ ರಸದ ಪೊಟ್ಯಾಸಿಯಂ ಕೂಡ ಕಷ್ಟ ಕೊಡುತ್ತೆ. ರಿಸಲ್ಟ್ ಬರೋವರೆಗೂ ಬೇಡ.

ಹಳೇಸೈಕಲ್:
ಸರಿ ಮಾರಾಯ್ರೇ, ನಾನು ಸುಮ್ನಾದೆ.

ಕಬ್ಬಿನಗದ್ದೆ: (ಹನ್ನೆರಡು ದಿನದ ಮೇಲೆ)
ಡಾಕ್ಟರ್ ಮಾತ್ರೆ ನಿಲ್ಸಿದ್ರು. ಆಲೆಮನೇಲಿ ಈಗ ಮುಚ್ಚಳ ಇರೋ ಕ್ಯಾನು, ಗಂಟೆಗೊಂದ್ಸಲ ತಮ್ಮ ಹೋಗಿ ಕುಡಿಸಿ ಬರ್ತಾನೆ. ಅದೇ ಮಂಡ್ಯದ ಲ್ಯಾಬಲ್ಲಿ ನಿನ್ನೆ: ಬ್ಲಡ್ ಯೂರಿಯಾ 34, ಕ್ರಿಯಾಟಿನಿನ್ 1.0, ಮೂತ್ರದಲ್ಲಿ ಆಲ್ಬುಮಿನ್ ಇಲ್ಲ. ಶುಗರೂ ಇಲ್ಲ. ಮೂರು ತಿಂಗಳಾದ್ಮೇಲೆ ಇನ್ನೊಂದ್ಸಲ ಬನ್ನಿ ಅಂದಿದಾರೆ. ರಿಪೋರ್ಟ್ ಕೈಗೆ ಕೊಟ್ರೆ ಅಪ್ಪ ಬೆರಳಲ್ಲಿ ಲೆಕ್ಕ ಹಾಕಿ “ಸಾರಜನಕ ಹದಿನಾರು” ಅಂದ್ರು.

ಮಂಡಿನೋವು ಮಾತ್ರ ಹಂಗೇ ಇದೆ. ಅದಕ್ಕೆ ಬೇರೆ ಥ್ರೆಡ್ ಹಾಕ್ತೀನಿ.