ಅಪ್‌ಡೇಟ್: ಸದ್ದು ಮಾಡದ ಗೇಮಿಂಗ್ ಪಿಸಿ, ದಾವಣಗೆರೆ ಸೆಕೆಗೆ

60 ಸಾವಿರದೊಳಗೆ, ರಾತ್ರಿ ಪಕ್ಕದಲ್ಲಿ ಮಲಗಿದವರಿಗೆ ಕೇಳಿಸದಂಥ ಪಿಸಿ ಬೇಕು ಅಂತ ಕೇಳಿದ್ದೆ. ಜೋಡಿಸಿ ಆಯ್ತು. ರೈಜನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ರ‍್ಯಾಮ್, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್, 550 ವ್ಯಾಟ್ ಪವರ್ ಸಪ್ಲೈ. ಈ ಕಾರ್ಡಿಗೆ ಸುಮಾರು 132 ವ್ಯಾಟ್ ಸಾಕು, 750 ವ್ಯಾಟಿನ ಸಪ್ಲೈ ತಂದರೆ ದುಡ್ಡು ದಂಡ.

ಮೊದಲು ಸದ್ದು ಬಂದದ್ದು ಪ್ರೊಸೆಸರ್ ಜೊತೆ ಬರುವ ಪುಟ್ಟ ಕೂಲರಿನಿಂದ. ಬ್ರೌಸರ್ ತೆರೆದರೂ ಸಾಕು, ರೈಜನ್ ಬಿಸಿ ಒಂದು ಕ್ಷಣ ಹತ್ತು ಡಿಗ್ರಿ ಜಿಗಿಯುತ್ತೆ, ಫ್ಯಾನ್ ಅದರ ಹಿಂದೆಯೇ ಓಡಿ 'ಗುಂಯ್' ಅಂದು ಮತ್ತೆ ಇಳಿಯುತ್ತೆ. ಒಂದೇ ಸಮನೆ ಬರುವ ಸದ್ದಿಗಿಂತ ಈ ಏರಿಳಿತವೇ ಹೆಚ್ಚು ಕಿರಿಕಿರಿ. 120 ಮಿ.ಮೀ. ಫ್ಯಾನಿನ ಟವರ್ ಕೂಲರ್ ಹಾಕಿ, ಬಯಾಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್) ಫ್ಯಾನ್ ವೇಗ 60 ಡಿಗ್ರಿವರೆಗೆ 35%, 75ಕ್ಕೆ 60%, 85ಕ್ಕೆ ಪೂರ್ತಿ ಅಂತ ಕೊಟ್ಟು, ವೇಗ ಬದಲಾಗಲು ಕೆಲವು ಸೆಕೆಂಡ್ ತಡ ಇಟ್ಟ ಮೇಲೆ ಶಾಂತ. ಕೂಲರ್ ತರುವ ಮುಂಚೆ ಅದರ ಎತ್ತರ ಕ್ಯಾಬಿನೆಟ್ಟಿಗೆ ಹಿಡಿಯುತ್ತಾ ನೋಡ್ಕೊಳ್ಳಿ.

ಮಾನಿಟರ್ 75 ಹರ್ಟ್ಸ್, ಅಂದರೆ ಸೆಕೆಂಡಿಗೆ 75 ಫ್ರೇಮ್ (ಚಿತ್ರ) ಅಷ್ಟೇ ತೋರಿಸುತ್ತೆ, ಹಾಗಾಗಿ ಗೇಮನ್ನೂ 75 ಫ್ರೇಮಿಗೆ ಕಟ್ಟಿಹಾಕಿದೆ. ಕಾಣದ ಫ್ರೇಮಿಗಾಗಿ ಕಾರ್ಡ್ ಯಾಕೆ ಬೇಯಬೇಕು?

ರ‍್ಯಾಮ್ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ, ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಸೆಟ್ಟಿಂಗ್) ಆನ್ ಮಾಡಿ. ಇಲ್ಲದಿದ್ದರೆ 3200ರ ಬದಲು ಕಡಿಮೆ ವೇಗದಲ್ಲೇ ಓಡುತ್ತೆ. ಎಚ್‌ಡಿಎಂಐ ಕೇಬಲ್ ಕಾರ್ಡಿಗೇ ಚುಚ್ಚಿ. 5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಬೋರ್ಡಿಗೆ ಹಾಕಿದರೆ ಪರದೆ ಕಪ್ಪು.

ಇನ್ನು ನಮ್ಮೂರ ಧೂಳು. ಮುಂದಿನ ಜಾಲರಿಯ ಫಿಲ್ಟರ್ ತಿಂಗಳಿಗೊಮ್ಮೆ ಒರೆಸದಿದ್ದರೆ ಗಾಳಿ ಕಟ್ಟಿ, ಫ್ಯಾನ್ ಮತ್ತೆ ಕೂಗೋಕೆ ಶುರು ಮಾಡುತ್ತೆ.