ಪೆಡಲ್‌ನಿಂದ ಲಿನಕ್ಸ್‌ಗೆ: ಸದ್ದು ತಡ, ಜೊತೆಗೆ ಗುಂಯ್

ಬದಿಯಡ್ಕದವ: ಹಳೇ ಲ್ಯಾಪ್‌ಟಾಪ್, ಅದರಲ್ಲಿ ಉಬುಂಟು ಸ್ಟುಡಿಯೋ (ಸಂಗೀತ, ವಿಡಿಯೋ ಕೆಲಸಕ್ಕಿರುವ ಲಿನಕ್ಸ್). ಮಳೆಗಾಲದಲ್ಲಿ ಹಂಚಿನ ಸದ್ದಿಗೆ ಮೈಕ್ ಇಡೋ ಹಾಗಿಲ್ಲ. ಅದಕ್ಕೇ ಗಿಟಾರ್ ಪೆಡಲನ್ನು (ಗಿಟಾರ್ ಸದ್ದಿಗೆ ಎಫೆಕ್ಟ್ ಕೊಡುವ ಪೆಟ್ಟಿಗೆ) ಯುಎಸ್‌ಬಿಯಲ್ಲಿ ನೇರ ಸಿಕ್ಕಿಸಿದೆ. ಆರ್ಡೋರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಆಗುತ್ತದೆ. ಆದರೆ ತಂತಿ ಮೀಟಿ ಸ್ವಲ್ಪ ಹೊತ್ತಾದ ಮೇಲೆ ಕೇಳಿಸುತ್ತದೆ. ಹಿಂದೆ ಗುಂಯ್ ಅನ್ನೋ ಸದ್ದು ಬೇರೆ.

ಕುಂಬಳೆಯಿಂದ: ಬಫರ್ (ಒಮ್ಮೆಗೆ ಕೂಡಿಟ್ಟು ಕಳಿಸುವ ಸದ್ದಿನ ಸ್ಯಾಂಪಲ್‌ಗಳು) 1024 ಇದೆಯಾ? 48,000 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಅಷ್ಟು ಸ್ಯಾಂಪಲ್) ಅದೊಂದಕ್ಕೇ 21 ಮಿಲಿಸೆಕೆಂಡ್ ತಡ. ಜ್ಯಾಕ್ ಅನ್ನೋ ಆಡಿಯೋ ಸಾಫ್ಟ್‌ವೇರ್‌ನಲ್ಲಿ 128ಕ್ಕೆ ಇಳಿಸಿ, ಪೀರಿಯಡ್ (ಅಂಥ ಎಷ್ಟು ಕಂತು ಅನ್ನೋದು) 3 ಇಡಿ. ಸದ್ದು ಚಟಪಟ ಅನ್ನತೊಡಗಿದರೆ ಬಫರ್ 256 ಮಾಡಿ.

ಮಂಜೇಶ್ವರ: ಅಷ್ಟೆಲ್ಲ ಯಾಕೆ ಮಾರಾಯ್ರೆ? ಆರ್ಡೋರ್‌ನ ಮಾನಿಟರಿಂಗ್ (ನುಡಿಸುವಾಗಲೇ ಕೇಳಿಸುವುದು) ನಿಲ್ಲಿಸಿ, ಹೆಡ್‌ಫೋನ್ ಪೆಡಲ್‌ಗೇ ಹಾಕಿ. ತಡವೇ ಇರುವುದಿಲ್ಲ. ಗುಂಯ್‌ಗೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ.

ಬದಿಯಡ್ಕದವ: ಕಿತ್ತೆ, ಹೋಯ್ತು! ಆದರೆ ಬ್ಯಾಟರಿ ಬರುವುದೇ 20 ನಿಮಿಷ. ಇನ್ನು ತಪ್ಪಿಲ್ಲದೆ ನುಡಿಸಬೇಕು, ಅದೇ ಕಷ್ಟ.