ಬೈಕ್ ಚೈನ್: ಕೊಂಡಿ ತೆಗೆಸಬೇಕೇ, ಪೂರ್ತಿ ಸೆಟ್ ಬದಲಿಸಬೇಕೇ?

ಪ್ರಶ್ನೆ, ಕೊಪ್ಪಳದಿಂದ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳದಿಂದ ಗಿಣಿಗೇರಿ ಮಾರ್ಗವಾಗಿ ಮುನಿರಾಬಾದಿಗೆ ದಿನವೂ ಕೆಲಸಕ್ಕೆ ಹೋಗಿ ಬರುವವನು. ನನ್ನದು 150 ಸಿಸಿ ಬೈಕ್. ಚೈನಿನ ಮೇಲ್ಭಾಗಕ್ಕಷ್ಟೇ ಕವರ್ ಇದ್ದು, ಕೆಳಭಾಗ ತೆರೆದೇ ಇರುತ್ತದೆ. ಮೀಟರ್ 22,000 ಕಿಲೋಮೀಟರ್ ದಾಟಿದೆ, ಚೈನ್ ಮಾತ್ರ ಶೋರೂಮಿನಿಂದ ಬಂದದ್ದೇ. ಈಗ ಗೇರ್ ಬದಲಿಸಿ ಆಕ್ಸಿಲರೇಟರ್ ಕೊಟ್ಟಾಗ ಟಕ್ಕೆಂದು ಹೊಡೆಯುತ್ತದೆ. ಬಿಗಿ ಮಾಡಿಸಿದರೂ ಕೆಲವೇ ದಿನಗಳಲ್ಲಿ ಮತ್ತೆ ಸಡಿಲವಾಗುತ್ತದೆ. ಒಬ್ಬ ಮೆಕ್ಯಾನಿಕ್ ಕೊಂಡಿ ತೆಗೆದರೆ ಇನ್ನೊಂದು ವರ್ಷ ಓಡುತ್ತದೆ ಎನ್ನುತ್ತಾರೆ. ಇನ್ನೊಬ್ಬರು ಪೂರ್ತಿ ಚೈನ್ ಸೆಟ್, ಅಂದರೆ ಚೈನಿನ ಜೊತೆ ಅದು ಸುತ್ತುವ ಎರಡು ಹಲ್ಲಿನ ಚಕ್ರಗಳನ್ನೂ (ಸ್ಪ್ರಾಕೆಟ್) ಬದಲಿಸಲೇಬೇಕು ಎನ್ನುತ್ತಾರೆ. ಎಂಜಿನ್ನಿನಿಂದ ತೆಗೆದ ಹಳೆಯ ಆಯಿಲನ್ನು ಚೈನಿಗೆ ಹಚ್ಚುವ ರೂಢಿ ನಮ್ಮಲ್ಲಿದೆ, ಅದು ಸರಿಯೇ? ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ತೋರಣಗಲ್ಲಿನಿಂದ, ಕಾರ್ಖಾನೆಯ ಯಂತ್ರ ನಿರ್ವಹಣಾ ವಿಭಾಗದಲ್ಲಿರುವವರು

ಸರ್, ಇಬ್ಬರು ಮೆಕ್ಯಾನಿಕ್‌ಗಳಲ್ಲಿ ಯಾರ ಮಾತು ಸರಿ ಎಂಬುದನ್ನು ಒಂದು ಸ್ಟೀಲ್ ಪಟ್ಟಿ ಹಿಡಿದು ನೀವೇ ತೀರ್ಮಾನಿಸಬಹುದು. ಚೈನ್ ಎಳೆದುಕೊಂಡಿದೆ ಎಂದು ನಾವೆಲ್ಲ ಹೇಳುತ್ತೇವಾದರೂ ಅದರ ಉಕ್ಕಿನ ಪ್ಲೇಟುಗಳು ಹಿಗ್ಗಿರುವುದಿಲ್ಲ. ಪ್ರತಿ ಕೊಂಡಿಯೊಳಗಿನ ಪಿನ್ ಮತ್ತು ಅದನ್ನು ಸುತ್ತುವರಿದ ಬುಷ್ ಒಂದಕ್ಕೊಂದು ಉಜ್ಜಿ ಸವೆಯುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಆ ಸವೆತ ನೂರಕ್ಕೂ ಹೆಚ್ಚು ಕೊಂಡಿಗಳಲ್ಲಿ ಒಟ್ಟು ಸೇರಿದಾಗ ಚೈನ್ ಉದ್ದವಾದಂತೆ ತೋರುತ್ತದೆ.

ಚೈನಿನ ಪ್ಲೇಟಿನ ಮೇಲೆ 428 ಅಥವಾ 520 ಎಂಬ ಸಂಖ್ಯೆಯನ್ನು ಒತ್ತಿರುತ್ತಾರೆ. 4ರಿಂದ ಆರಂಭವಾದರೆ ಒಂದು ಪಿನ್ನಿನ ಮಧ್ಯದಿಂದ ಮುಂದಿನ ಪಿನ್ನಿನ ಮಧ್ಯಕ್ಕೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್, 5ರಿಂದ ಆರಂಭವಾದರೆ 15.875 ಮಿಲಿಮೀಟರ್. ನಮ್ಮ ಕಡೆಯ ಬಹುತೇಕ 100ರಿಂದ 160 ಸಿಸಿ ಬೈಕುಗಳಲ್ಲಿ ಇರುವುದು 428. ಬೈಕನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚೈನಿನ ಕೆಳಭಾಗವನ್ನು ಎಳೆದು ಬಿಗಿಯಾಗಿ ಹಿಡಿದುಕೊಂಡು, ಮೊದಲ ಪಿನ್ನಿನ ಮಧ್ಯದಿಂದ ಇಪ್ಪತ್ತೊಂದನೆಯ ಪಿನ್ನಿನ ಮಧ್ಯದವರೆಗೆ ಅಳೆಯಿರಿ. ಹೊಸ 428 ಚೈನಿನಲ್ಲಿ ಇದು 254 ಮಿಲಿಮೀಟರ್ ಇರುತ್ತದೆ. ಶೇಕಡಾ 2ರಷ್ಟು ಹೆಚ್ಚಿ 259ರ ಹತ್ತಿರ ಬಂದಿದ್ದರೆ ಆ ಚೈನಿನ ಆಯುಷ್ಯ ಮುಗಿದಿದೆ ಎಂದೇ ಲೆಕ್ಕ. ಸವೆತ ಎಲ್ಲ ಕಡೆ ಒಂದೇ ಸಮನಾಗಿ ಇರುವುದಿಲ್ಲವಾದ್ದರಿಂದ ಚಕ್ರವನ್ನು ತಿರುಗಿಸುತ್ತ ಮೂರು ನಾಲ್ಕು ಕಡೆ ಅಳೆದು, ಅತಿ ಹೆಚ್ಚು ಬಂದ ಅಳತೆಯನ್ನೇ ಹಿಡಿಯಬೇಕು.

ಕೊಂಡಿ ತೆಗೆಯುವ ಸಲಹೆಯನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಿ. 120 ಕೊಂಡಿಗಳ ಚೈನ್ ಶೇಕಡಾ 2ರಷ್ಟು ಉದ್ದವಾದರೆ ಒಟ್ಟು ಸುಮಾರು 30 ಮಿಲಿಮೀಟರ್ ಹೆಚ್ಚಾಗುತ್ತದೆ. ಒಳಕೊಂಡಿ ಮತ್ತು ಹೊರಕೊಂಡಿ ಜೋಡಿಯಾಗಿಯೇ ಬರುವುದರಿಂದ ತೆಗೆಯುವಾಗ ಎರಡನ್ನೂ ತೆಗೆಯಬೇಕು, ಅದು 25.4 ಮಿಲಿಮೀಟರ್. ಹಾಗಾಗಿ ಕೊಂಡಿ ತೆಗೆಯಲು ಜಾಗ ಒದಗುವ ಹೊತ್ತಿಗೆ ಚೈನ್ ಬದಲಿಸುವ ಹೊತ್ತೂ ಬಂದಿರುತ್ತದೆ. ತೆಗೆದ ನಂತರವೂ ಉಳಿದ ಕೊಂಡಿಗಳ ನಡುವಿನ ಅಂತರ ಸ್ಪ್ರಾಕೆಟ್ಟಿನ ಹಲ್ಲುಗಳ ಅಂತರಕ್ಕೆ ಹೊಂದುವುದಿಲ್ಲ, ಭಾರವೆಲ್ಲ ಒಂದೆರಡು ಹಲ್ಲುಗಳ ಮೇಲೆಯೇ ಬೀಳುತ್ತದೆ. ನೀವು ಹೇಳುವ ಟಕ್ ಶಬ್ದ ಬಹುಶಃ ಅಲ್ಲಿಂದಲೇ ಬರುತ್ತಿದೆ.

ಸಂಡೂರಿನಿಂದ

ಹಳೆಯ ಆಯಿಲಿನ ವಿಷಯವನ್ನು ನಾನು ಹೇಳುತ್ತೇನೆ, ಏಕೆಂದರೆ ಅದಿರು ಲಾರಿಗಳ ಹಿಂದೆ ಬೈಕ್ ಓಡಿಸುವವರಿಗೆ ಇದು ಎಲ್ಲಕ್ಕಿಂತ ದೊಡ್ಡ ಸಮಸ್ಯೆ. ನಮ್ಮ ಬೆಟ್ಟಗಳ ಅದಿರು ಹೆಮಟೈಟ್. ಆ ಕಲ್ಲಿನ ಪದರಗಳಲ್ಲಿ ಕ್ವಾರ್ಟ್ಜ್ ಕೂಡ ಬೆರೆತಿರುತ್ತದೆ, 1ರಿಂದ 10ರವರೆಗಿನ ಮೋಸ್ ಗಡಸುತನದ ಮಾಪಕದಲ್ಲಿ ಕ್ವಾರ್ಟ್ಜಿನ ಗಡಸುತನ 7. ಇಂಥ ಧೂಳು ಒಣಗಿದ ಚೈನಿನ ಮೇಲೆ ಕುಳಿತರೆ ಅರ್ಧಕ್ಕರ್ಧ ಗಾಳಿಗೆ ಹಾರಿಹೋಗುತ್ತದೆ, ಆದರೆ ಜಿಡ್ಡಿನ ಮೇಲೆ ಕುಳಿತರೆ ಆಯಿಲಿನೊಂದಿಗೆ ಕಲೆತು, ವಾಲ್ವ್ ಕೂರಿಸಲು ಗ್ಯಾರೇಜಿನಲ್ಲಿ ಬಳಸುವ ಗ್ರೈಂಡಿಂಗ್ ಪೇಸ್ಟಿನ ಹಾಗೆ ಆಗಿಬಿಡುತ್ತದೆ. ಎಂಜಿನ್ನಿನಿಂದ ಇಳಿಸಿದ ಆಯಿಲಿನಲ್ಲಿ ಮೊದಲೇ ಲೋಹದ ಸೂಕ್ಷ್ಮ ಕಣಗಳೂ ಮಸಿಯೂ ಇರುತ್ತವೆ, ಅದರ ಮೇಲೆ ನಮ್ಮ ಕೆಂಧೂಳೂ ಸೇರಿದರೆ ಚೈನನ್ನು ನಾವೇ ಅರೆದಂತಾಗುತ್ತದೆ. ಪುಕ್ಕಟೆ ಸಿಗುತ್ತದೆ ಎನ್ನುವುದನ್ನು ಬಿಟ್ಟರೆ ಅದನ್ನು ಹಚ್ಚುವುದಕ್ಕೆ ಬೇರೆ ಕಾರಣ ನನಗೆ ಕಾಣುವುದಿಲ್ಲ. ಗಿಣಿಗೇರಿಯ ಸ್ಪಾಂಜ್ ಐರನ್ ಕಾರ್ಖಾನೆಗಳ ಸುತ್ತಲಿನ ಕಪ್ಪು ಧೂಳಿಗೂ ಇದೇ ಮಾತು ಅನ್ವಯಿಸುತ್ತದೆ.

ನಾನು ಅನುಸರಿಸುವ ಕ್ರಮ ಸರಳವಾಗಿದೆ. ಸವಾರಿಯಿಂದ ಬಂದ ಮೇಲೆ ಚೈನ್ ಇನ್ನೂ ಬೆಚ್ಚಗಿರುವಾಗ ಸೆಂಟರ್ ಸ್ಟ್ಯಾಂಡ್ ಹಾಕಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಬೀಗದ ಕೈಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತೇನೆ. ಎಂಜಿನ್ ಚಾಲೂ ಇಟ್ಟು ಗೇರಿನಲ್ಲಿ ಚಕ್ರ ತಿರುಗಿಸುತ್ತ ಬಟ್ಟೆಯಿಂದ ಚೈನ್ ಒರೆಸುವವರನ್ನು ನೋಡಿದ್ದೇನೆ. ಬಟ್ಟೆ ಸಿಕ್ಕಿಕೊಂಡರೆ ಸ್ಪ್ರಾಕೆಟ್ ಬೆರಳನ್ನು ಬಿಡುವುದಿಲ್ಲ. ಚಕ್ರವನ್ನು ಕೈಯಿಂದಲೇ ಹಿಮ್ಮುಖವಾಗಿ ತಿರುಗಿಸುತ್ತ ಸೀಮೆಎಣ್ಣೆ ಅದ್ದಿದ ಮೃದು ಬ್ರಷ್ಷಿನಿಂದ ಉಜ್ಜಿ, ಒಣ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ 90 ನಂಬರಿನ ಗೇರ್ ಆಯಿಲನ್ನು ಚೈನಿನ ಕೆಳಗಿನ ಓಟದ ಒಳಮಗ್ಗುಲಿಗೆ, ಪ್ಲೇಟುಗಳ ಸಂದಿನಲ್ಲಿ ಇಳಿಯುವಂತೆ ಹನಿಹನಿಯಾಗಿ ಬಿಡುತ್ತೇನೆ. ಚೈನ್ ತಿರುಗುವಾಗ ಆಯಿಲ್ ಹೊರಕ್ಕೆ ಎಸೆಯಲ್ಪಡುವುದರಿಂದ ಒಳಗಿನಿಂದ ಬಿಟ್ಟದ್ದು ರೋಲರುಗಳ ಮೂಲಕ ಹಾದುಹೋಗುತ್ತದೆ, ಹೊರಗಿನಿಂದ ಬಿಟ್ಟದ್ದು ನೇರವಾಗಿ ಪ್ಯಾಂಟಿಗೆ ಬೀಳುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ಮೇಲ್ಮೈಯಲ್ಲಿ ಉಳಿದ ಜಿಡ್ಡನ್ನು ಒರೆಸಿ ತೆಗೆಯಬೇಕು. ನಮ್ಮ ಊರುಗಳಲ್ಲಿ ಆಯಿಲ್ ಬಿಡುವುದಕ್ಕಿಂತ ಈ ಒರೆಸುವ ಕೆಲಸವೇ ಮುಖ್ಯ. ಸಾಮಾನ್ಯವಾಗಿ 500 ಕಿಲೋಮೀಟರಿಗೊಮ್ಮೆ ಎನ್ನುತ್ತಾರೆ, ಅದಿರು ರಸ್ತೆಯಲ್ಲಿ ಅಷ್ಟು ಕಾಯುವುದು ಬೇಡ.

ಬಳ್ಳಾರಿಯಿಂದ

ಸಂಡೂರಿನವರ ಮಾತನ್ನು ಒಪ್ಪುತ್ತೇನೆ, ಆದರೆ ಗೇರ್ ಆಯಿಲಿನ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಒರೆಸುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಬೇಸಿಗೆಯಲ್ಲಿ ಮೇಣದಂತೆ ಗಟ್ಟಿಯಾಗುವ ಚೈನ್ ಸ್ಪ್ರೇ ಹೊಡೆದರೆ ಧೂಳು ಅಷ್ಟಾಗಿ ಅಂಟುವುದಿಲ್ಲ. ರಾತ್ರಿ ಹೊಡೆದು ಬೆಳಗ್ಗೆ ಬೈಕ್ ತೆಗೆದರೆ ಅದು ಚೆನ್ನಾಗಿ ಕುಳಿತಿರುತ್ತದೆ. ದುಬಾರಿ ಎನ್ನುವುದು ನಿಜ. ಸ್ಪ್ರೇ ಇರಲಿ, ಆಯಿಲ್ ಇರಲಿ, ಹಳೆಯ ಕೊಳೆಯ ಮೇಲೆಯೇ ಹೊಡೆಯುವುದಾದರೆ ಎರಡೂ ವ್ಯರ್ಥ.

ಸಿಂಧನೂರಿನಿಂದ, ಭತ್ತ ಬೆಳೆಯುವವರು

ನಮ್ಮಲ್ಲಿ ಧೂಳಿಗಿಂತ ಎರೆ ಮಣ್ಣಿನ ಕೆಸರಿನ ಕಾಟವೇ ಹೆಚ್ಚು. ಪೂರ್ತಿ ಚೈನ್ ಕವರ್ ಇರುವ ಬೈಕಿಗೆ ಯಾವ ಚಿಂತೆಯೂ ಇಲ್ಲ ಎಂದು ತಿಳಿಯಬಾರದು. ನಾಟಿ ಕಾಲದಲ್ಲಿ ಕಾಲುವೆ ದಾರಿಯಲ್ಲಿ ಓಡಾಡಿದರೆ ಮಣ್ಣು ಕವರಿನೊಳಗೆ ಸೇರಿ ಅಲ್ಲಿಯೇ ಒಣಗಿ ಗಟ್ಟಿಯಾಗುತ್ತದೆ. ನಾಟಿ ಮುಗಿದ ಮೇಲೆ ಕವರನ್ನು ಒಮ್ಮೆ ಬಿಚ್ಚಿಸಿ ತೊಳೆಸುವುದು ಒಳ್ಳೆಯದು. ಪ್ರೆಷರ್ ನೀರನ್ನು ನೇರವಾಗಿ ಚೈನಿಗೆ ಹೊಡೆಸಬೇಡಿ.

ಇನ್ನೊಂದು ಮಾತು. 45 ಕಿಲೋ ತೂಕದ ಯೂರಿಯಾ ಚೀಲವನ್ನು ಹಿಂದೆ ಕಟ್ಟಿಕೊಂಡು ಹೋಗುವವರು ಚೈನನ್ನು ತೀರ ಬಿಗಿ ಮಾಡಿಸಬಾರದು. ಭಾರ ಬಿದ್ದು ಹಿಂದಿನ ಶಾಕ್ ಅಬ್ಸಾರ್ಬರ್ ಕುಸಿದಾಗ ಚೈನ್ ತಾನಾಗಿಯೇ ಮತ್ತಷ್ಟು ಬಿಗಿಯಾಗುತ್ತದೆ.

ಮತ್ತೆ ಕೊಪ್ಪಳದಿಂದ

ಎಲ್ಲರಿಗೂ ಧನ್ಯವಾದಗಳು. ತೋರಣಗಲ್ಲಿನ ಸರ್ ಹೇಳಿದಂತೆ ಅಳೆದು ನೋಡಿದೆ. ನನ್ನದು 428 ಚೈನ್. ಎರಡು ಕಡೆ 258, ಒಂದು ಕಡೆ 260 ಮಿಲಿಮೀಟರ್ ಬಂದಿತು. ಆದ್ದರಿಂದ ಸೆಟ್ ಬದಲಿಸಲು ತೀರ್ಮಾನಿಸಿದ್ದೇನೆ. ಓ-ರಿಂಗ್ ಇರುವ ಚೈನ್ ಹಾಕಿಸಬೇಕೆ, ಮತ್ತು ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ಏನೇನು ಗಮನಿಸಬೇಕು ಎಂಬುದನ್ನು ಯಾರಾದರೂ ವಿವರಿಸುವಿರಾ?

ರಾಯಚೂರಿನಿಂದ, ಗ್ಯಾರೇಜ್ ನಡೆಸುವವರು

ಸರ್, ಮೊದಲು ಓ-ರಿಂಗ್ ವಿಷಯ. ಆ ಬಗೆಯ ಚೈನಿನಲ್ಲಿ ಒಳಪ್ಲೇಟು ಮತ್ತು ಹೊರಪ್ಲೇಟುಗಳ ನಡುವೆ ಸಣ್ಣ ರಬ್ಬರ್ ಉಂಗುರಗಳು ಇಣುಕುತ್ತಿರುತ್ತವೆ. ಪಿನ್ ಮತ್ತು ಬುಷ್ ನಡುವೆ ಕಾರ್ಖಾನೆಯಲ್ಲಿಯೇ ತುಂಬಿದ ಗ್ರೀಸ್ ಹೊರಗೆ ಹೋಗದಂತೆ, ಧೂಳು ಒಳಗೆ ಬಾರದಂತೆ ಅವು ತಡೆಯುತ್ತವೆ. ತೆರೆದ ಚೈನಿನ ಬೈಕಿಗೆ, ಅದರಲ್ಲಿಯೂ ನಿಮ್ಮ ದಾರಿಗೆ, ಹೆಚ್ಚಿನ ಬೆಲೆ ಕೊಟ್ಟರೂ ಅದು ತಕ್ಕುದೇ, ಆದರೆ ನಿಮ್ಮ ಮಾಡೆಲ್ಲಿಗೆ ಆ ಬಗೆಯದು ಸಿಗುತ್ತದೆಯೇ ಎಂದು ವಿಚಾರಿಸಿಕೊಳ್ಳಬೇಕು. ಅಗಲ ಹೆಚ್ಚಿರುವುದರಿಂದ ಎಂಜಿನ್ ಕವರಿಗೆ ಉಜ್ಜುವಂತಿದ್ದರೆ ಬೇಡ. ಓ-ರಿಂಗ್ ಚೈನನ್ನು ಪೆಟ್ರೋಲಿನಿಂದಲಾಗಲಿ ತಂತಿ ಬ್ರಷ್ಷಿನಿಂದಲಾಗಲಿ ಎಂದಿಗೂ ಸ್ವಚ್ಛ ಮಾಡಬಾರದು. ಉಂಗುರಗಳು ಹಾಳಾದರೆ ಒಳಗಿನ ಗ್ರೀಸನ್ನು ಮತ್ತೆ ತುಂಬಲು ಬರುವುದಿಲ್ಲ.

ಬದಲಿಸುವಾಗ ಚೈನ್, ಮುಂದಿನ ಸಣ್ಣ ಸ್ಪ್ರಾಕೆಟ್, ಹಿಂದಿನ ದೊಡ್ಡ ಸ್ಪ್ರಾಕೆಟ್ ಈ ಮೂರನ್ನೂ ಒಟ್ಟಿಗೇ ಬದಲಿಸಬೇಕು. ದುಡ್ಡು ಉಳಿಸಲೆಂದು ಚೈನ್ ಮಾತ್ರ ಹಾಕಿಸಲು ಅನೇಕರು ಬರುತ್ತಾರೆ. ಸವೆದ ಸ್ಪ್ರಾಕೆಟ್ಟಿನ ಹಲ್ಲುಗಳು ಒಂದು ಬದಿಗೆ ಕೊಕ್ಕೆಯಂತೆ ಬಾಗಿ ಹಳೆಯ ಚೈನಿನ ಅಳತೆಗೆ ಒಗ್ಗಿಕೊಂಡಿರುತ್ತವೆ. ಅವುಗಳ ಮೇಲೆ ಹೊಸ ಚೈನ್ ಹಾಕಿದರೆ ಹೊಸದೂ ಬೇಗನೆ ಹಳೆಯದರ ದಾರಿ ಹಿಡಿಯುತ್ತದೆ. ಹಿಂದಿನ ಸ್ಪ್ರಾಕೆಟ್ಟಿನ ತೀರ ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಹೊರಕ್ಕೆ ಎಳೆದು ನೋಡಿ, ಅರ್ಧ ಹಲ್ಲು ಕಾಣುವಷ್ಟು ಮೇಲೆದ್ದರೆ ಅಲ್ಲಿ ಉಳಿಸಿಕೊಳ್ಳುವಂಥದ್ದೇನೂ ಇಲ್ಲ.

ಹಿಂದಿನ ಚಕ್ರ ಬಿಚ್ಚಿದಾಗ ಹಬ್ಬಿನೊಳಗಿನ ರಬ್ಬರುಗಳನ್ನು ತೆಗೆಸಿ ನೋಡಿ. ಎಂಜಿನ್ನಿನ ಎಳೆತವನ್ನು ಚಕ್ರಕ್ಕೆ ಮೆತ್ತಗೆ ಮುಟ್ಟಿಸುವುದು ಅವುಗಳ ಕೆಲಸ. ಅವು ಚಪ್ಪಟೆಯಾಗಿದ್ದರೆ ಹೊಸ ಚೈನ್ ಸೆಟ್ ಹಾಕಿದ ಮೇಲೂ ಟಕ್ ಶಬ್ದ ಉಳಿದುಕೊಳ್ಳುತ್ತದೆ, ಗಿರಾಕಿ ಮರುದಿನವೇ ಸಿಟ್ಟಿನಿಂದ ಬರುತ್ತಾರೆ. ಚಕ್ರದ ಬೇರಿಂಗುಗಳನ್ನೂ ಬೆರಳು ಹಾಕಿ ತಿರುಗಿಸಿ ನೋಡಲು ಇದೇ ಸಮಯ.

ಚೈನಿನ ಎರಡು ತುದಿಗಳನ್ನು ಜೋಡಿಸಲು ಕ್ಲಿಪ್ ಇರುವ ಲಾಕ್ ಇದ್ದರೆ, ಆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಸಾಗುವ ದಿಕ್ಕಿಗೆ ಇರಬೇಕು. ಚೈನಿನ ಮೇಲಿನ ಓಟ ಹಿಂದಿನಿಂದ ಎಂಜಿನ್ ಕಡೆಗೆ ಸಾಗುತ್ತದೆ. ಆದ್ದರಿಂದ ಲಾಕ್ ಮೇಲ್ಭಾಗದಲ್ಲಿರುವಾಗ ಮುಚ್ಚಿದ ತುದಿ ಮುಂದಕ್ಕೂ ಸೀಳಿದ ತುದಿ ಹಿಂದಕ್ಕೂ ಕಾಣಬೇಕು. ತಿರುವುಮುರುವಾದರೆ ಏನಾದರೂ ತಗಲಿದಾಗ ಕ್ಲಿಪ್ ಹಾರಿಹೋಗುವ ಸಾಧ್ಯತೆ ಇದೆ. ಚೈನ್ ಕಳಚಿದರೆ ಬರೀ ನಿಲ್ಲುವುದಷ್ಟೇ ಅಲ್ಲ, ಚಕ್ರಕ್ಕೆ ಸುತ್ತಿಕೊಂಡು ಬೀಳಿಸಬಹುದು, ಎಂಜಿನ್ ಕೇಸನ್ನೇ ಒಡೆಯಬಹುದು.

ಇನ್ನು ಬಿಗಿ ಮಾಡುವುದು. ನಿಮ್ಮ ಬೈಕಿಗೆ ಎಷ್ಟು ಸಡಿಲ ಇರಬೇಕೆಂಬುದನ್ನು ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕ್ಕರಿನಲ್ಲಿ ಇಲ್ಲವೇ ಬೈಕಿನ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತಾರೆ; ಇಂಥ ಬೈಕುಗಳಿಗೆ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್. ಚೈನಿನ ಕೆಳಗಿನ ಓಟದ ನಡುಮಧ್ಯವನ್ನು ಬೆರಳಿನಿಂದ ಮೇಲೆ ಕೆಳಗೆ ಮಾಡಿದಾಗ ಒಟ್ಟು ಅಷ್ಟು ಆಡಬೇಕು. ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ ನೋಡಿದರೆ ಒಂದು ಕಡೆ ಹೆಚ್ಚು ಬಿಗಿ, ಒಂದು ಕಡೆ ಹೆಚ್ಚು ಸಡಿಲ ಇರುವುದು ತಿಳಿಯುತ್ತದೆ, ಬಿಗಿ ಇರುವ ಕಡೆಯ ಅಳತೆಯನ್ನೇ ಸರಿಪಡಿಸಬೇಕು. ಸಡಿಲವಿದ್ದರೆ ಶಬ್ದ ಬರುವುದರಿಂದ ಗೊತ್ತಾಗುತ್ತದೆ, ಅತಿ ಬಿಗಿಯಾದದ್ದು ಸದ್ದಿಲ್ಲದೆ ಗೇರ್‌ಬಾಕ್ಸಿನ ಬೇರಿಂಗನ್ನು ತಿನ್ನುತ್ತದೆ. ನನ್ನ ಬಳಿ ಬರುವ ಬೈಕುಗಳಲ್ಲಿ ಬಿಗಿ ಹೆಚ್ಚಾದವೇ ಹೆಚ್ಚು. ಎಡಬಲದ ಅಡ್ಜಸ್ಟರುಗಳ ಗುರುತುಗಳು ಸಮನಾಗಿರಬೇಕು. ಹಿಂದೆ ಕುಳಿತು ಒಂದು ಕಣ್ಣು ಮುಚ್ಚಿ ಚೈನಿನ ಉದ್ದಕ್ಕೂ ನೋಡಿದರೆ ಅದು ಸ್ಪ್ರಾಕೆಟ್ಟಿಗೆ ನೇರವಾಗಿ ಇಳಿಯುತ್ತಿದೆಯೇ, ಓರೆಯಾಗಿದೆಯೇ ಎಂಬುದು ಕಾಣುತ್ತದೆ.

ಅವಸರದಲ್ಲಿ ಬಹಳ ಮಂದಿ ಬಿಟ್ಟುಬಿಡುವುದು ಬ್ರೇಕನ್ನು. ಚೈನ್ ಬಿಗಿ ಮಾಡಲು ಚಕ್ರವನ್ನು ಹಿಂದಕ್ಕೆ ಎಳೆದಾಗ ಡ್ರಮ್ ಬ್ರೇಕಿನ ರಾಡ್ ಕೂಡ ಎಳೆಯಲ್ಪಟ್ಟು, ಬ್ರೇಕ್ ಸದಾ ಸ್ವಲ್ಪ ಹಿಡಿದುಕೊಂಡೇ ಇರುತ್ತದೆ. ಹೊಸ ಸೆಟ್ ಹಾಕಿದಾಗ ಚಕ್ರ ಮುಂದಕ್ಕೆ ಬರುವುದರಿಂದ ಇದಕ್ಕೆ ವಿರುದ್ಧವಾಗಿ ಪೆಡಲ್ ಆಳಕ್ಕೆ ಇಳಿಯುತ್ತದೆ. ಗ್ಯಾರೇಜ್ ಬಿಡುವ ಮುನ್ನ ಪೆಡಲ್ ಒತ್ತಿ, ಚಕ್ರವನ್ನು ಕೈಯಿಂದ ತಿರುಗಿಸಿ, ಹಿಂದಿನ ದೀಪ ಸರಿಯಾದ ಹೊತ್ತಿಗೆ ಹೊತ್ತುತ್ತದೆಯೇ ಎಂದು ನೋಡಿಕೊಳ್ಳಿ. ಚಕ್ರದ ಆಕ್ಸಲ್ ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಇದ್ದರೆ ಹೊಸದನ್ನೇ ಹಾಕಿಸಿ.

ಹೊಸ ಚೈನ್ ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಕುಳಿತುಕೊಳ್ಳುವಾಗ ತುಸು ಸಡಿಲವಾಗುವುದು ಸಹಜ, 500 ಕಿಲೋಮೀಟರಿನ ಸುಮಾರಿಗೆ ಒಮ್ಮೆ ಬಂದು ತೋರಿಸಿ. ಸೆಟ್ ಕೊಳ್ಳುವಾಗಲೇ ಅದೇ ಅಳತೆಯ ಒಂದು ಲಾಕನ್ನು ಹೆಚ್ಚುವರಿಯಾಗಿ ಕೇಳಿ ಪಡೆದು ಟೂಲ್ ಪೌಚಿನಲ್ಲಿ ಇಟ್ಟುಕೊಳ್ಳಿ. ಕುಷ್ಟಗಿಯಿಂದ ಲಿಂಗಸುಗೂರಿನ ಕಡೆಗೆ ಹೋಗುವ ದಾರಿಯಲ್ಲಿ ಸಂಜೆ ಹೊತ್ತು ಕ್ಲಿಪ್ ಹಾರಿದರೆ ಅಂಗಡಿ ಹುಡುಕುವುದು ಸುಲಭವಲ್ಲ.